ತಾಲ್ಲೂಕು ಆಸ್ಪತ್ರೆಯಲ್ಲಿ ಸಂವಹನ ತರಬೇತಿ: ಔಷಧದ ಕಿಟಕಿಯಿಂದ ಆರಂಭಿಸುವ ಬಗೆ

ಕೋಲಾರ ಜಿಲ್ಲೆಯ ಯಾವುದೇ ತಾಲ್ಲೂಕು ಆಸ್ಪತ್ರೆಯಲ್ಲಿ, ವೈದ್ಯರು ಮತ್ತು ಸಿಬ್ಬಂದಿ ರೋಗಿಗಳೊಂದಿಗೆ ಮಾತನಾಡುವ ರೀತಿ ಸುಧಾರಿಸಬೇಕು ಎಂದು ಆಡಳಿತ ವೈದ್ಯಾಧಿಕಾರಿಗೆ ಅನ್ನಿಸಿದಾಗ ಸಾಮಾನ್ಯವಾಗಿ ಆಗುವುದು ಇಷ್ಟು: ಬೆಂಗಳೂರಿನಿಂದ ಸಂಪನ್ಮೂಲ ವ್ಯಕ್ತಿಯೊಬ್ಬರು ಬರುತ್ತಾರೆ, ಸಭಾಂಗಣದಲ್ಲಿ ಸ್ಲೈಡುಗಳು ಓಡುತ್ತವೆ, ಮಧ್ಯಾಹ್ನ ಊಟವಾಗುತ್ತದೆ, ಸಂಜೆ ಪ್ರಮಾಣಪತ್ರ ಹಂಚಿ ಗುಂಪು ಫೋಟೊ ತೆಗೆಯಲಾಗುತ್ತದೆ. ಮರುದಿನ ಹೊರರೋಗಿ ವಿಭಾಗದಲ್ಲಿ ಅದೇ ಸಾಲು, ಅದೇ ಗದರಿಕೆ, ಅದೇ ‘ಆಯ್ತು ಸಾರ್’. ಹಾಗಾಗದಂತೆ, ಹೊರಗಿನಿಂದ ಹೆಚ್ಚು ಹಣವನ್ನೂ ತಜ್ಞರನ್ನೂ ತರದೆ, ಆಸ್ಪತ್ರೆಯ ಒಳಗಿನವರೇ ಕೂಡಿ ಏಳು ವಾರಗಳಲ್ಲಿ ನಡೆಸಬಹುದಾದ ತರಬೇತಿಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ನಾಲ್ಕೈದು ವೈದ್ಯರು, ಹತ್ತು–ಹನ್ನೆರಡು ಸ್ಟಾಫ್ ನರ್ಸುಗಳು, ಒಬ್ಬ ಫಾರ್ಮಸಿಸ್ಟ್, ಚೀಟಿ ಬರೆಯುವ ಕೌಂಟರಿನವರು ಮತ್ತು ಒಬ್ಬ ಆಪ್ತ ಸಮಾಲೋಚಕರು ಇರುವ ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ತುಮಕೂರಿನ ಪಾವಗಡದಲ್ಲಿಯೋ ಚಿಕ್ಕಬಳ್ಳಾಪುರದ ಬಾಗೇಪಲ್ಲಿಯಲ್ಲಿಯೋ ಇರುವವರು ಭಾಷೆ ಮತ್ತು ಬೆಳೆಯ ವಿವರಗಳನ್ನಷ್ಟೇ ಬದಲಿಸಿಕೊಂಡರೆ ಸಾಕು.

ತರಬೇತಿ ಯಾರ ನಡವಳಿಕೆಯನ್ನು ಬದಲಿಸಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ವೈದ್ಯಕೀಯ ಸಿಬ್ಬಂದಿಗೆ ನೀಡಿದ ಸಂವಹನ ತರಬೇತಿಗಳ ಬಗೆಗಿನ ಕೊಕ್ರೇನ್ ವಿಮರ್ಶೆಯ (ಒಂದೇ ವಿಷಯದ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) 2018ರ ಆವೃತ್ತಿಯಲ್ಲಿ 17 ಯಾದೃಚ್ಛಿಕ ಪ್ರಯೋಗಗಳನ್ನು, ಅಂದರೆ ಯಾರಿಗೆ ತರಬೇತಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ ಪ್ರಯೋಗಗಳನ್ನು, ಒಟ್ಟುಗೂಡಿಸಿ ನೋಡಲಾಗಿತ್ತು. ತರಬೇತಿ ಪಡೆದವರು ಮುಕ್ತ ಪ್ರಶ್ನೆಗಳನ್ನು ಹೆಚ್ಚು ಕೇಳಿದರು, ಸಹಾನುಭೂತಿಯನ್ನು ಹೆಚ್ಚು ತೋರಿಸಿದರು, ಬರೀ ಮಾಹಿತಿ ಒಪ್ಪಿಸಿ ಸುಮ್ಮನಾಗುವುದು ಕಡಿಮೆಯಾಯಿತು. ಆದರೆ ರೋಗಿಗಳ ತೃಪ್ತಿಯಲ್ಲಾಗಲಿ ಆತಂಕದಲ್ಲಾಗಲಿ ಸ್ಪಷ್ಟವಾದ ಸುಧಾರಣೆ ಕಂಡುಬರಲಿಲ್ಲ. ಇನ್ನೊಂದೆಡೆ, 2009ರಲ್ಲಿ ಪ್ರಕಟವಾದ ಜೋಲ್ನಿಯರೆಕ್ ಮತ್ತು ಡಿಮ್ಯಾಟಿಯೊ ಅವರ ವಿಶ್ಲೇಷಣೆಯ ಪ್ರಕಾರ, ಸಂವಹನದಲ್ಲಿ ಹಿಂದಿರುವ ವೈದ್ಯರ ರೋಗಿಗಳು ಚಿಕಿತ್ಸೆಯನ್ನು ಸರಿಯಾಗಿ ಪಾಲಿಸದಿರುವ ಅಪಾಯ ಶೇ 19ರಷ್ಟು ಹೆಚ್ಚು; ವೈದ್ಯರಿಗೆ ತರಬೇತಿ ಕೊಟ್ಟಲ್ಲಿ ಅವರ ರೋಗಿಗಳು ಚಿಕಿತ್ಸೆಯನ್ನು ಪಾಲಿಸುವ ಸಂಭಾವ್ಯತೆಯ ಅನುಪಾತ (ಪಾಲಿಸುವವರಿಗೂ ಪಾಲಿಸದವರಿಗೂ ಇರುವ ಪ್ರಮಾಣ) ತರಬೇತಿ ಇಲ್ಲದ ವೈದ್ಯರ ರೋಗಿಗಳದಕ್ಕಿಂತ 1.62 ಪಟ್ಟು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇದು: ವೈದ್ಯರ ಮಾತು ಬದಲಾಯಿತು ಎಂದಷ್ಟಕ್ಕೇ ರೋಗಿಗೆ ಒಳ್ಳೆಯದಾಯಿತು ಎಂದು ಭಾವಿಸುವಂತಿಲ್ಲ. ಬದಲಾವಣೆಯು ರೋಗಿ ಮನೆಗೆ ಹೋಗಿ ಮಾಡುವ ಕೆಲಸದವರೆಗೆ ತಲುಪುವಂತೆ ತರಬೇತಿಯನ್ನು ಮೊದಲಿನಿಂದಲೇ ಕಟ್ಟಬೇಕು. ಆದ್ದರಿಂದ ಆರಂಭವನ್ನು ವೈದ್ಯರ ಕೊಠಡಿಯಿಂದ ಮಾಡದೆ, ರೋಗಿ ಆಸ್ಪತ್ರೆಯಿಂದ ಹೊರಬೀಳುವ ಕೊನೆಯ ಜಾಗವಾದ ಔಷಧ ವಿತರಣೆಯ ಕಿಟಕಿಯಿಂದ ಮಾಡಬೇಕು.

ಮೊದಲ ವಾರ: ಕಿಟಕಿಯ ಪಕ್ಕದ ಬೆಂಚು

ಕಿಟಕಿಯಿಂದ ಸ್ವಲ್ಪ ದೂರದಲ್ಲಿ ಒಂದು ಬೆಂಚು ಹಾಕಿ, ಆಪ್ತ ಸಮಾಲೋಚಕರನ್ನೋ ನರ್ಸಿಂಗ್ ವಿದ್ಯಾರ್ಥಿಯನ್ನೋ ಕೂರಿಸಿ. ಔಷಧ ತೆಗೆದುಕೊಂಡು ಬರುವವರಲ್ಲಿ ಒಪ್ಪಿದವರನ್ನು ಮಾತ್ರ ನಾಲ್ಕು ವಿಷಯ ಕೇಳಬೇಕು: ಏನು ತೊಂದರೆ ಎಂದು ಡಾಕ್ಟರು ಹೇಳಿದರು, ಈ ಮಾತ್ರೆಗಳನ್ನು ಹೇಗೆ ತೆಗೆದುಕೊಳ್ಳುತ್ತೀರಿ, ಏನಾದರೆ ತಡಮಾಡದೆ ವಾಪಸ್ ಬರಬೇಕು, ಕೇಳಬೇಕೆಂದುಕೊಂಡು ಕೇಳದೆ ಉಳಿದದ್ದು ಏನಾದರೂ ಇದೆಯೇ. ಉತ್ತರವನ್ನು ಒಪಿಡಿ ಚೀಟಿಯೊಂದಿಗೆ ಹೋಲಿಸಿ ‘ಸರಿ’, ‘ಅರೆಬರೆ’, ‘ತಪ್ಪು’ ಎಂದು ಗುರುತು ಹಾಕಬೇಕು. ರೋಗಿಯ ಹೆಸರನ್ನೂ ವೈದ್ಯರ ಹೆಸರನ್ನೂ ಬರೆಯಬಾರದು. ವೈದ್ಯರ ಹೆಸರು ಬರೆದ ಕ್ಷಣದಲ್ಲಿ ಇದು ತನಿಖೆಯಾಗಿ ಮಾರ್ಪಡುತ್ತದೆ, ಆಮೇಲೆ ಯಾರೂ ತರಬೇತಿಗೆ ಮನಸ್ಸು ಕೊಡುವುದಿಲ್ಲ. ಒಂದು ವಾರದಲ್ಲಿ ಐವತ್ತು ಜನರ ಉತ್ತರ ಸಿಕ್ಕರೆ ಸಾಕು. ಮಾತ್ರೆಯ ಪ್ರಮಾಣವನ್ನು ತಪ್ಪಾಗಿ ಹೇಳಿದವರನ್ನು ಹಾಗೆಯೇ ಕಳುಹಿಸಬಾರದು ಎಂಬುದು ಮಾತ್ರ ಕಡ್ಡಾಯ. ಅಲ್ಲೇ ಫಾರ್ಮಸಿಸ್ಟರ ಬಳಿಗೆ ಕರೆದೊಯ್ದು ಸರಿಪಡಿಸಿ ಕಳುಹಿಸಬೇಕು.

ನಾಲ್ಕರಲ್ಲಿ ಕೊನೆಯ ಪ್ರಶ್ನೆಯ ಉತ್ತರಗಳನ್ನು ರೋಗಿಯ ಮಾತಿನಲ್ಲೇ ಬರೆದುಕೊಳ್ಳಿ. ‘ಮಾತ್ರೆ ಹಾಕಿಕೊಂಡು ಗದ್ದೆಗೆ ಹೋಗಬಹುದಾ’, ‘ಈ ಮಾತ್ರೆ ಜೀವನಪೂರ್ತಿನಾ’, ‘ಕೋಳಿ ತಿನ್ನಬಹುದಾ’ ಎಂಬಂತಹ ಸಾಲುಗಳೇ ಮುಂದಿನ ಅಭ್ಯಾಸಕ್ಕೆ ಬೇಕಾದ ಸಾಮಗ್ರಿ. ಈ ಸಾಲುಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಮೊದಲ ಅಧಿವೇಶನದ ದಿನ ಗೋಡೆಗೆ ಅಂಟಿಸಿದರೆ, ತರಬೇತಿ ಏಕೆ ಬೇಕು ಎಂದು ಭಾಷಣ ಮಾಡುವ ಅಗತ್ಯವೇ ಬರುವುದಿಲ್ಲ.

ಯಾರು, ಯಾವಾಗ, ಎಲ್ಲಿ

ವೈದ್ಯರಿಗೆ ಒಂದು, ನರ್ಸುಗಳಿಗೆ ಇನ್ನೊಂದು ಎಂದು ತಂಡಗಳನ್ನು ಬೇರ್ಪಡಿಸಬೇಡಿ. ರೋಗಿಗೆ ಆಸ್ಪತ್ರೆಯ ಮೊದಲ ಮಾತು ಕೇಳಿಬರುವುದು ಚೀಟಿ ಕೌಂಟರಿನಲ್ಲಿ, ಕೊನೆಯ ಮಾತು ಔಷಧದ ಕಿಟಕಿಯಲ್ಲಿ. ಈ ಎರಡೂ ತುದಿಗಳನ್ನು ಬಿಟ್ಟು ನಡುವಿನ ಎರಡು ನಿಮಿಷವನ್ನು ಮಾತ್ರ ತಿದ್ದಿದರೆ ಫಲ ಅರ್ಧಕ್ಕೆ ಇಳಿಯುತ್ತದೆ. ವಾರಕ್ಕೊಮ್ಮೆ, ಹೊರರೋಗಿ ವಿಭಾಗ ಖಾಲಿಯಾದ ಮೇಲೆ ಮಧ್ಯಾಹ್ನ ಒಂದೂವರೆ ಗಂಟೆಯ ಅವಧಿ ಸಾಕು. ಲಸಿಕೆಯ ದಿನ ಮತ್ತು ಸಂತೆಯ ದಿನವನ್ನು ಬಿಟ್ಟು ಉಳಿದ ಯಾವ ದಿನವಾದರೂ ಆದೀತು. ಸಭಾಂಗಣಕ್ಕಿಂತ ಒಪಿಡಿ ಕೊಠಡಿಯೇ ಉತ್ತಮ, ಏಕೆಂದರೆ ಅದೇ ಮೇಜು, ಅದೇ ಸ್ಟೂಲು, ಅದೇ ಬಾಗಿಲಿನಲ್ಲಿ ಅಭ್ಯಾಸ ಮಾಡಿದ್ದು ಮರುದಿನ ಕೈಗೆ ಬರುತ್ತದೆ.

ಉಪನ್ಯಾಸದ ಬದಲು ಅಭ್ಯಾಸವೇ ಏಕೆ ಎಂಬುದಕ್ಕೂ ಆಧಾರವಿದೆ. ಬ್ರಿಟನ್ನಿನ 34 ಕ್ಯಾನ್ಸರ್ ಕೇಂದ್ರಗಳ 160 ವೈದ್ಯರ ಮೇಲೆ ಲೆಸ್ಲಿ ಫಾಲೋಫೀಲ್ಡ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾತ್ರಾಭಿನಯ ಮತ್ತು ವಿಡಿಯೊ ಅವಲೋಕನವಿದ್ದ ಮೂರು ದಿನಗಳ ಶಿಬಿರಕ್ಕೆ ಹೋದವರ ಮಾತಿನ ರೀತಿ ಬದಲಾಯಿತು. ಬರವಣಿಗೆಯಲ್ಲಿ ಸಲಹೆ ಮಾತ್ರ ಪಡೆದವರಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. ನಮ್ಮಲ್ಲಿ 2019ರಿಂದ ಎಂಬಿಬಿಎಸ್ ಸೇರಿದವರಿಗೆ ‘ಏಟ್‌ಕಾಮ್’ ಎಂಬ ಹೆಸರಿನಲ್ಲಿ ಮನೋಧರ್ಮ, ನೀತಿ ಮತ್ತು ಸಂವಹನದ ಪಾಠ ಪಠ್ಯಕ್ರಮದಲ್ಲೇ ಸೇರಿದೆ. ಹೀಗಾಗಿ ಹೊಸದಾಗಿ ಬಂದ ವೈದ್ಯರಿಗೆ ಈ ವಿಷಯದ ಪರಿಚಯವಿದ್ದು, ಇಪ್ಪತ್ತು ವರ್ಷ ಸೇವೆ ಮಾಡಿದ ಹಿರಿಯರಿಗೆ ಇಲ್ಲದಿರಬಹುದು. ಕಿರಿಯರು ಕಲಿತದ್ದು ತರಗತಿಯಲ್ಲಿ, ಹಿರಿಯರು ಕಲಿತದ್ದು ಸಾಲಿನಲ್ಲಿ ನಿಂತ ರೋಗಿಗಳಿಂದ. ಇಬ್ಬರನ್ನೂ ಒಂದೇ ಜೋಡಿಯಾಗಿ ಕೂರಿಸುವುದು ಒಳ್ಳೆಯದು.

ರೋಗಿಯ ಪಾತ್ರ ಮಾಡುವವರನ್ನು ಹೊರಗಿನಿಂದ ಕರೆಯಬೇಕು. ತರಬೇತಿ ಪಡೆದ ‘ನಟ ರೋಗಿ’ಯನ್ನು ವೈದ್ಯಕೀಯ ಕಲಿಕೆಯಲ್ಲಿ ಬಳಸುವ ಪದ್ಧತಿಯನ್ನು ಹೊವಾರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು 1963ರಲ್ಲಿ ಅಮೆರಿಕದಲ್ಲಿ ಆರಂಭಿಸಿದರು, ಇಂದು ಅದು ಎಲ್ಲ ಕಡೆ ರೂಢಿಯಲ್ಲಿದೆ. ತಾಲ್ಲೂಕು ಮಟ್ಟದಲ್ಲಿ ಅದಕ್ಕೆ ವೃತ್ತಿಪರರು ಬೇಕಿಲ್ಲ. ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆಯ ಮಾತಿನ ವರಸೆ ಗೊತ್ತಿರುತ್ತದೆ, ನಿವೃತ್ತ ಮೇಷ್ಟ್ರುಗಳಿಗೆ ಬಿಡುವಿರುತ್ತದೆ, ಕೋಲಾರದಲ್ಲಿ ನಾಟಕ ಆಡುವ ಹವ್ಯಾಸಿಗಳಿಗೂ ಕೊರತೆಯಿಲ್ಲ. ಸಹೋದ್ಯೋಗಿಯೇ ರೋಗಿಯಾದರೆ ಮಾತ್ರ ಕೆಲಸ ಕೆಡುತ್ತದೆ: ಮೂರನೆಯ ಮಾತಿಗೆ ಇಬ್ಬರೂ ನಗಲಾರಂಭಿಸುತ್ತಾರೆ.

ಮೊದಲ ಅಧಿವೇಶನ: ಬಾಯಿ ಮುಚ್ಚಿಕೊಳ್ಳುವ ಒಂದು ನಿಮಿಷ

ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ 1984ರಲ್ಲಿ 74 ಭೇಟಿಗಳನ್ನು ಧ್ವನಿಮುದ್ರಿಸಿ ಕೇಳಿದಾಗ, ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ಅಡ್ಡ ಬಾಯಿ ಹಾಕಿದ್ದು ಗೊತ್ತಾಯಿತು. ತಡೆಯದೆ ಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತನಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನಲ್ಲಿ. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ರೋಗಿಗಳು ತಾವಾಗಿ ಮಾತನಾಡಿದ ಸರಾಸರಿ ಅವಧಿ 92 ಸೆಕೆಂಡು. ಅರ್ಧದಷ್ಟು ಜನ ಒಂದು ನಿಮಿಷದೊಳಗೆ ಮುಗಿಸಿದ್ದರು. ಐದು ನಿಮಿಷ ದಾಟಿದವರು 335 ಜನರಲ್ಲಿ ಏಳೇ ಮಂದಿ. ಆ ಅಧ್ಯಯನದಲ್ಲಿದ್ದವರು ಸಂಕೀರ್ಣ ಕಾಯಿಲೆಗಳಿಗಾಗಿ ದೊಡ್ಡ ಆಸ್ಪತ್ರೆಗೆ ಬಂದವರು ಎಂಬುದನ್ನೂ ಗಮನಿಸಬೇಕು.

ಇದನ್ನು ಹೇಳಿದ ಕೂಡಲೇ ನಮ್ಮ ವೈದ್ಯರಿಂದ ಬರುವ ಆಕ್ಷೇಪಣೆ ನ್ಯಾಯವಾದದ್ದೇ. 67 ದೇಶಗಳ ಅಂಕಿಅಂಶಗಳನ್ನು ಕಲೆಹಾಕಿ 2017ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದರಲ್ಲಿ ಪ್ರಾಥಮಿಕ ಚಿಕಿತ್ಸೆಯ ಭೇಟಿಯ ಅವಧಿ ಸ್ವೀಡನ್ನಿನಲ್ಲಿ 22.5 ನಿಮಿಷವಿದ್ದರೆ ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಒಂದೂವರೆ ನಿಮಿಷವನ್ನು ರೋಗಿಗೇ ಬಿಟ್ಟುಕೊಡಿ ಎಂದು ಹೇಳುವುದು ಅವಿವೇಕ. ಆದ್ದರಿಂದ ಇಲ್ಲಿ ಕಲಿಸಬೇಕಾದದ್ದು ಸಣ್ಣ ಸಂಗತಿ: ರೋಗಿ ಕೂತ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಪೆನ್ನನ್ನು ಮೇಜಿನ ಮೇಲಿಟ್ಟು, ಮುಖ ನೋಡಿ, ‘ಹೂಂ’ ಎನ್ನುವುದನ್ನು ಬಿಟ್ಟು ಬೇರೇನೂ ಹೇಳದಿರುವುದು.

ಅಭ್ಯಾಸಕ್ಕೆ ಒಂದು ಸನ್ನಿವೇಶ ಹೀಗಿರಲಿ. ಶ್ರೀನಿವಾಸಪುರ ಕಡೆಯ ಐವತ್ತೈದು ವರ್ಷದ ಹೆಂಗಸು, ಟೊಮೊಟೊ ತೋಟದಲ್ಲಿ ಕೂಲಿ. ಮೊದಲ ಸಲ ವೈದ್ಯರು ತಮ್ಮ ಮಾಮೂಲಿ ರೀತಿಯಲ್ಲೇ ನೋಡಲಿ.

‘ಏನಮ್ಮಾ ತೊಂದರೆ?’
‘ಸುಸ್ತು ಸಾರ್. ಕೈಕಾಲೆಲ್ಲಾ ಸೋತಂಗೆ…’
‘ಎಷ್ಟು ದಿನದಿಂದ? ಶುಗರ್ ಇದೆಯಾ? ಬಿಪಿ? ಊಟ ಸರಿಯಾಗಿ ಮಾಡ್ತೀಯಾ? ರಕ್ತ ಪರೀಕ್ಷೆ ಬರೆದಿದ್ದೀನಿ, ಈ ಟಾನಿಕ್ ತಗೋ.’

ಪಾತ್ರಧಾರಿಗೆ ಕೊಟ್ಟ ಚೀಟಿಯಲ್ಲಿ ಇನ್ನೊಂದು ಸಾಲು ಇರುತ್ತದೆ. ಅದನ್ನು ಮಧ್ಯೆ ತಡೆಯದಿದ್ದರೆ ಮಾತ್ರ ಹೇಳಬೇಕು ಎಂದು ಅವರಿಗೆ ತಿಳಿಸಿರಬೇಕು. ಎರಡನೆಯ ಸಲ ಅದೇ ವೈದ್ಯರು ಪೆನ್ನು ಕೆಳಗಿಟ್ಟು ಕೇಳುತ್ತಾರೆ.

‘ಹೇಳಿಯಮ್ಮಾ.’
‘ಸುಸ್ತು ಸಾರ್. ಕೈಕಾಲೆಲ್ಲಾ ಸೋತಂಗೆ ಆಗುತ್ತೆ.’
‘ಹೂಂ.’
‘ರಾತ್ರಿ ನಿದ್ದೆನೂ ಇಲ್ಲ. ಮಗಳ ಮದುವೆ ಸಾಲ ಬೇರೆ.’
‘ಹೂಂ… ಆಮೇಲೆ?’
‘ಬಾಕ್ಸು ಎತ್ತಿದ್ರೆ ಇಲ್ಲಿ ಎದೆ ಹಿಡ್ಕೊಂಡಂಗೆ ಆಗುತ್ತೆ ಸಾರ್. ಐದು ನಿಮಿಷ ಕೂತ್ರೆ ಹೋಗುತ್ತೆ. ಗ್ಯಾಸು ಅಂತ ಸೋಡಾ ಕುಡೀತೀನಿ.’

ಭಾರ ಎತ್ತಿದಾಗ ಬಂದು, ಕೂತರೆ ಹೋಗುವ ಎದೆಯ ಬಿಗಿತ ಹೃದಯದ ರಕ್ತನಾಳಗಳ ತೊಂದರೆಯ ಲಕ್ಷಣ ಎಂದು ಕೊಠಡಿಯಲ್ಲಿರುವ ಯಾವ ವೈದ್ಯರಿಗೂ ಹೇಳಿಕೊಡಬೇಕಿಲ್ಲ. ಮೊದಲ ಸಲ ಅವರು ಟಾನಿಕ್ ಬರೆದದ್ದು ತಿಳಿವಳಿಕೆ ಇಲ್ಲದೆ ಅಲ್ಲ, ಆ ಸಾಲು ಅವರ ಕಿವಿಗೆ ಬೀಳಲೇ ಇಲ್ಲವಾದ್ದರಿಂದ. ರೋಗಿಗಳು ಮುಖ್ಯವಾದದ್ದನ್ನು ಮೊದಲು ಹೇಳುತ್ತಾರೆ ಎಂಬ ಖಾತ್ರಿಯಿಲ್ಲ. ಸಂಕೋಚದ ವಿಷಯ, ಹೆದರಿಕೆಯ ವಿಷಯ, ತಾವೇ ‘ಗ್ಯಾಸು’ ಎಂದು ತೀರ್ಮಾನಿಸಿದ ವಿಷಯ ಕೊನೆಗೇ ಬರುತ್ತವೆ. ಎರಡೂ ಸುತ್ತುಗಳಿಗೆ ಗಡಿಯಾರ ಹಿಡಿಯಿರಿ. ಅಂತರ ಎಷ್ಟು ಸಣ್ಣದೆಂದು ನೋಡುವುದೇ ವೈದ್ಯರಿಗೆ ಸಮಾಧಾನ ತರುತ್ತದೆ.

ಏಕವಚನದ ಪ್ರಶ್ನೆಯೂ ಇದೇ ದಿನ ಏಳುತ್ತದೆ. ನಮ್ಮ ಕಡೆ ‘ಏನಮ್ಮಾ’, ‘ಏನ್ ತಾತಾ’ ಎಂದು ಕರೆದು ಏಕವಚನದಲ್ಲಿ ಮಾತನಾಡಿದರೂ ಸಲುಗೆಯೇ ಹೊರತು ಅಗೌರವವಲ್ಲ ಎಂದು ಹಲವರು ವಾದಿಸುತ್ತಾರೆ. ಊರಿನ ಕಟ್ಟೆಯ ಮೇಲೆ ಅದು ನಿಜವಿರಬಹುದು. ಆದರೆ ಇಸ್ತ್ರಿ ಅಂಗಿ ತೊಟ್ಟವರಿಗೆ ‘ಕೂತ್ಕೊಳ್ಳಿ’, ಕೆಸರು ಕಾಲಿನವರಿಗೆ ‘ಕೂತ್ಕೋ’ ಎಂದು ಒಂದೇ ಕೊಠಡಿಯಲ್ಲಿ ಹತ್ತು ನಿಮಿಷದ ಅಂತರದಲ್ಲಿ ಕೇಳಿಬಂದರೆ ಅದನ್ನು ಸಲುಗೆ ಎನ್ನಲಾಗದು. ನಿಯಮ ಸರಳವಾಗಿರಲಿ: ಸಂಬಂಧವಾಚಕ ಯಾವುದಾದರೂ ಇರಲಿ, ದೊಡ್ಡವರಿಗೆಲ್ಲ ಬಹುವಚನ.

ಎರಡನೆಯ ಅಧಿವೇಶನ: ನಾಲ್ಕು ಭಾಷೆಗಳ ಸಾಲು

ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಬರುವವರಲ್ಲಿ ಮನೆಮಾತು ತೆಲುಗು ಇರುವವರು ಬಹಳ. ಕೆಜಿಎಫ್ ಕಡೆಯವರಲ್ಲಿ ತಮಿಳು. ಪಟ್ಟಣಗಳಲ್ಲಿ ದಖ್ಖನಿ ಉರ್ದು. ಇವರಲ್ಲಿ ಹೆಚ್ಚಿನವರಿಗೆ ವ್ಯವಹಾರದ ಕನ್ನಡ ಬರುತ್ತದೆ, ಆದರೆ ನೋವನ್ನು ಹೇಳಿಕೊಳ್ಳುವಾಗ ಮನೆಮಾತಿಗೇ ಹೊರಳುತ್ತಾರೆ. ಹಳೆ ಮೈಸೂರಿನ ಕಡೆಯಿಂದಲೋ ಉತ್ತರ ಕರ್ನಾಟಕದಿಂದಲೋ ವರ್ಗವಾಗಿ ಬಂದ ವೈದ್ಯರು ಆಗ ಬಾಗಿಲಿನ ಕಡೆ ತಿರುಗಿ ‘ಯಾರಾದರೂ ತೆಲುಗು ಬರೋರು ಬನ್ರಪ್ಪ’ ಎಂದು ಕರೆಯುತ್ತಾರೆ, ಸಾಲಿನಲ್ಲಿ ನಿಂತ ಯಾರೋ ಒಬ್ಬರು ಒಳಗೆ ಬರುತ್ತಾರೆ. ಬಿಳಿಸೆರಗಿನ ತೊಂದರೆಗೆ ಬಂದ ಹೆಂಗಸು ಪಕ್ಕದೂರಿನ ಗಂಡಸಿನ ಮೂಲಕ ತನ್ನ ಕಷ್ಟ ಹೇಳಿಕೊಳ್ಳಬೇಕೆಂದು ನಿರೀಕ್ಷಿಸುವ ಈ ಪದ್ಧತಿಯನ್ನು ಮೊದಲು ನಿಲ್ಲಿಸಬೇಕು.

ಅದರ ಬದಲಿಗೆ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಎಂದು ಪಟ್ಟಿ ಮಾಡಿ, ಪಾಳಿಯ ಪ್ರಕಾರ ಒಪಿಡಿ ಕೊಠಡಿಯಲ್ಲಿ ಅಂಟಿಸಿ. ಗ್ರೂಪ್ ಡಿ ನೌಕರರನ್ನೂ ಸೇರಿಸಿ. ಭಾಷೆಯ ವಿಷಯದಲ್ಲಿ ಅವರೇ ಹೆಚ್ಚು ಬಲ್ಲವರಾಗಿರುತ್ತಾರೆ. ಭಾಷಾಂತರ ಮಾಡುವವರಿಗೆ ಅರ್ಧ ಗಂಟೆಯ ಅಭ್ಯಾಸ ಬೇಕು. ರೋಗಿ ಎರಡು ನಿಮಿಷ ಮಾತನಾಡಿದ್ದನ್ನು ‘ಹೊಟ್ಟೆನೋವಂತೆ ಸಾರ್’ ಎಂದು ಎರಡು ಪದಕ್ಕೆ ಇಳಿಸಬಾರದು. ಒಂದೊಂದು ವಾಕ್ಯವನ್ನೂ ಆಗಾಗಲೇ ದಾಟಿಸಬೇಕು. ತಮ್ಮ ಸಲಹೆಯನ್ನು ನಡುವೆ ಸೇರಿಸಬಾರದು. ವೈದ್ಯರಿಗೂ ಒಂದು ನಿಯಮವಿದೆ: ಕಣ್ಣು ರೋಗಿಯ ಮೇಲಿರಬೇಕು, ಭಾಷಾಂತರ ಮಾಡುವವರ ಮೇಲಲ್ಲ. ಮಕ್ಕಳನ್ನು ಈ ಕೆಲಸಕ್ಕೆ ಬಳಸಲೇಬಾರದು. ಹೆರಿಗೆ, ಮುಟ್ಟು, ಮನೆಯೊಳಗಿನ ಹೊಡೆತದ ಅನುಮಾನವಿರುವ ಸಂದರ್ಭಗಳಲ್ಲಿ ಗಂಡನನ್ನೂ ಬಳಸಬಾರದು. ಇದರ ಜೊತೆಗೆ, ಎದೆ, ಉಸಿರು, ಹೊಟ್ಟೆ, ಮೂತ್ರ, ಮುಟ್ಟು, ಜ್ವರಗಳ ಬಗೆಗಿನ ಇಪ್ಪತ್ತೋ ಮೂವತ್ತೋ ಪ್ರಶ್ನೆಗಳನ್ನು ತೆಲುಗು, ತಮಿಳು, ಉರ್ದುವಿನಲ್ಲಿ ಕನ್ನಡ ಲಿಪಿಯಲ್ಲೇ ಬರೆಸಿ ಮೇಜಿನ ಗಾಜಿನ ಕೆಳಗೆ ಇಡಬಹುದು. ಇದನ್ನು ಪುಸ್ತಕ ನೋಡಿ ಮಾಡಬೇಡಿ, ಆ ಭಾಷೆಯನ್ನು ಮನೆಯಲ್ಲಿ ಆಡುವ ಸ್ಟಾಫ್ ನರ್ಸ್ ಬರೆಯಲಿ.

ಮೂರು ಮತ್ತು ನಾಲ್ಕನೆಯ ಅಧಿವೇಶನ: ಹೇಳುವುದು, ಹೇಳಿಸುವುದು

ಇಡೀ ತರಬೇತಿಯಲ್ಲಿ ಹೆಚ್ಚು ಸಮಯಕ್ಕೆ ಅರ್ಹವಾದ ಭಾಗ ಇದು. ಎರಡು ವಾರಗಳನ್ನು ಇದಕ್ಕೇ ಮೀಸಲಿಡಿ. ವೈದ್ಯರು ಹೇಳಿದ ವಿಷಯದಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ, ನೆನಪಿಟ್ಟುಕೊಂಡದ್ದರಲ್ಲಿಯೂ ಸುಮಾರು ಅರ್ಧ ತಪ್ಪಾಗಿರುತ್ತದೆ ಎಂಬುದು ವೈದ್ಯಕೀಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಮಾತು. ಹೀಗಿದ್ದೂ ನಮ್ಮ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ನೋಡುವ ಪ್ರಶ್ನೆ ಒಂದೇ: ‘ಅರ್ಥ ಆಯ್ತಾ?’ ಅದಕ್ಕೆ ಉತ್ತರವೂ ಒಂದೇ: ‘ಆಯ್ತು ಸಾರ್.’ ದೊಡ್ಡವರೆದುರು ಅರ್ಥವಾಗಲಿಲ್ಲ ಎನ್ನುವುದು ಮರ್ಯಾದೆಯಲ್ಲ ಎಂದು ತಿಳಿದವರಿಂದ ಬೇರೆ ಉತ್ತರ ನಿರೀಕ್ಷಿಸುವಂತಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನೇ ಆಸ್ಪತ್ರೆಯಿಂದ ಹೊರಹಾಕಬೇಕು.

ಅದರ ಜಾಗದಲ್ಲಿ ರೋಗಿಯಿಂದಲೇ ತಿರುಗಿ ಹೇಳಿಸಬೇಕು, ಆದರೆ ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ ಅನ್ನಿಸಬಾರದು. ‘ಮನೆಗೆ ಹೋದ ಮೇಲೆ ಮಗ ಕೇಳ್ತಾನೆ, ಡಾಕ್ಟ್ರು ಏನಂದ್ರು ಅಂತ. ಏನು ಹೇಳ್ತೀರಮ್ಮಾ?’ ಎಂದು ಕೇಳಿದರೆ ಬಹುತೇಕರು ಸಲೀಸಾಗಿ ಹೇಳುತ್ತಾರೆ. ‘ನಾನು ಗಡಿಬಿಡಿಯಲ್ಲಿ ಹೇಳಿದೆ, ಸರಿಯಾಗಿ ಹೇಳಿದೆನೋ ಇಲ್ಲವೋ ನೋಡ್ಕೋಬೇಕು, ಮಾತ್ರೆ ಹೆಂಗೆ ತಗೋತೀರಿ ಹೇಳಿ ತಾತಾ’ ಎಂದರೂ ಆಗುತ್ತದೆ. ಇಲ್ಲಿ ತಪ್ಪಿನ ಭಾರವನ್ನು ವೈದ್ಯರು ತಮ್ಮ ಮೇಲೆ ಹಾಕಿಕೊಳ್ಳುವುದರಿಂದ ರೋಗಿಗೆ ಸಂಕೋಚವಿರುವುದಿಲ್ಲ. ತಪ್ಪಾಗಿ ಹೇಳಿದರೆ ‘ಅಲ್ಲ’ ಎಂದು ಆರಂಭಿಸದೆ, ಬೇರೆ ಮಾತಿನಲ್ಲಿ ಇನ್ನೊಮ್ಮೆ ಹೇಳಿ ಇನ್ನೊಮ್ಮೆ ಕೇಳಬೇಕು. ವೈದ್ಯರಿಗೆ ಪ್ರತಿಯೊಬ್ಬರಿಂದಲೂ ಹೀಗೆ ಹೇಳಿಸಲು ಸಮಯವಿಲ್ಲದಿದ್ದರೆ ಹೊಸ ಔಷಧ ಆರಂಭಿಸಿದವರಿಗೆ ಮಾತ್ರ ಅವರು ಮಾಡಲಿ, ಉಳಿದವರಿಗೆ ಫಾರ್ಮಸಿಸ್ಟ್ ಕಿಟಕಿಯಲ್ಲಿ ಮಾಡಲಿ.

ಹೇಳುವ ವಿಷಯವನ್ನು ಮೂರಕ್ಕೆ ಮಿತಿಗೊಳಿಸಿ, ಅವುಗಳನ್ನು ರೋಗಿಯ ದಿನಚರಿಗೆ ಕಟ್ಟುವುದನ್ನು ಅಭ್ಯಾಸ ಮಾಡಿಸಿ. ಚೀಟಿಯ ಮೇಲಿನ ‘1–0–1’ (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ವೈದ್ಯರಿಗೂ ಫಾರ್ಮಸಿಸ್ಟರಿಗೂ ತಿಳಿಯುವ ಲೆಕ್ಕ. ‘ಬೆಳಿಗ್ಗೆ ತಿಂಡಿಯ ನಂತರ’ ಎಂದರೂ, ತಿಂಡಿ ತಿನ್ನುವ ರೂಢಿಯೇ ಇಲ್ಲದೆ ಹನ್ನೊಂದಕ್ಕೆ ಮುದ್ದೆ ಉಣ್ಣುವವರಿಗೆ ಅದರಿಂದ ಉಪಯೋಗವಿಲ್ಲ. ‘ಎಷ್ಟು ಹೊತ್ತಿಗೆ ಏಳ್ತೀರಿ, ಮೊದಲು ಏನು ತಿಂತೀರಿ, ಎಷ್ಟು ಹೊತ್ತಿಗೆ’ ಎಂದು ಕೇಳಿದ ಮೇಲೆ ಹಸು ಸಾಕಿದವರಿಗೆ ರಕ್ತದೊತ್ತಡದ ಮಾತ್ರೆಯನ್ನು ‘ಡೇರಿಗೆ ಹಾಲು ಹಾಕಿ ಬಂದ ಕೂಡಲೇ’ ಎಂದು ಹೇಳಬಹುದು. ಡೇರಿಗೆ ಹೋಗುವುದು ಒಂದು ದಿನವೂ ತಪ್ಪುವುದಿಲ್ಲವಾದ್ದರಿಂದ ಮಾತ್ರೆಯೂ ತಪ್ಪುವುದು ಕಡಿಮೆ. ಎಪಿಎಂಸಿಯಲ್ಲಿ ರಾತ್ರಿಯಿಡೀ ಲೋಡು ತುಂಬುವ ಹಮಾಲಿಗೆ ‘ರಾತ್ರಿ ಊಟದ ನಂತರ’ ಎಂಬುದು ಬೇರೆಯೇ ಗಂಟೆ.

ಮಧುಮೇಹದ ಪಥ್ಯ ಹೇಳುವಾಗ ‘ಅನ್ನ ಬಿಡಿ, ಮುದ್ದೆ ತಿನ್ನಿ’ ಎಂಬ ಸಿದ್ಧ ವಾಕ್ಯವನ್ನು ತರಬೇತಿಯಲ್ಲಿ ಒಡೆದು ನೋಡಬೇಕು. ರಾಗಿಯಲ್ಲಿ ನಾರು ಹೆಚ್ಚಿದೆ, ಕ್ಯಾಲ್ಸಿಯಂ ಹೆಚ್ಚಿದೆ, ಆದರೆ ಅದರ ತೂಕದ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. ಮುದ್ದೆ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎಂದು ತಿಳಿದು ಹೋದವರು ಮೂರು ತಿಂಗಳ ನಂತರ ಬಂದಾಗ, ‘ಹೇಳಿದ ಮಾತು ಕೇಳಲ್ಲ’ ಎಂದು ಬೈಸಿಕೊಳ್ಳುತ್ತಾರೆ. ಎಷ್ಟು ದೊಡ್ಡ ಮುದ್ದೆ, ದಿನಕ್ಕೆ ಎಷ್ಟು, ಸಾರಿನಲ್ಲಿ ಸೊಪ್ಪು–ಕಾಳು ಎಷ್ಟು ಎಂದು ಕೈಯ ಅಳತೆಯಲ್ಲಿ ತೋರಿಸಿ ಮಾತನಾಡುವುದನ್ನು ನರ್ಸುಗಳು ವೈದ್ಯರಿಗಿಂತ ಚೆನ್ನಾಗಿ ಮಾಡುತ್ತಾರೆ. ಈ ಭಾಗವನ್ನು ಅವರೇ ಕಲಿಸಲಿ. ಸಹಾನುಭೂತಿಗೂ ಸಕ್ಕರೆಗೂ ನಂಟಿದೆ ಎಂದರೆ ನಗುವವರಿಗೆ ಒಂದು ಅಂಕಿ: ಅಮೆರಿಕದಲ್ಲಿ 891 ಮಧುಮೇಹಿಗಳನ್ನು ಒಳಗೊಂಡು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಹಾನುಭೂತಿಯ ಅಂಕ ಹೆಚ್ಚಿದ್ದ ವೈದ್ಯರ ರೋಗಿಗಳಲ್ಲಿ ಶೇ 56ರಷ್ಟು ಮಂದಿಯ ಎಚ್‌ಬಿಎ1ಸಿ (ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿ) ಚೆನ್ನಾಗಿ ಹತೋಟಿಯಲ್ಲಿತ್ತು, ಅಂಕ ಕಡಿಮೆಯಿದ್ದವರ ರೋಗಿಗಳಲ್ಲಿ ಶೇ 40. ಒಂದು ಇನ್ನೊಂದಕ್ಕೆ ಕಾರಣವೆಂದು ಇದರಿಂದಲೇ ಸಾಬೀತಾಗುವುದಿಲ್ಲ. ಆದರೂ ತಳ್ಳಿಹಾಕುವಂತಹ ಅಂತರವಲ್ಲ.

ಅಭ್ಯಾಸಕ್ಕೆ ಇನ್ನೆರಡು ಸನ್ನಿವೇಶಗಳನ್ನು ಬಿಡಬೇಡಿ. ಕ್ಷಯದ ಚಿಕಿತ್ಸೆ ಆರಂಭಿಸುವಾಗ, ರಿಫಾಂಪಿಸಿನ್ ಎಂಬ ಔಷಧದಿಂದ ಮೂತ್ರ ಕಿತ್ತಳೆ–ಕೆಂಪು ಬಣ್ಣಕ್ಕೆ ತಿರುಗುತ್ತದೆ, ಅದು ರಕ್ತವಲ್ಲ ಎಂದು ಮೊದಲೇ ಹೇಳದಿದ್ದರೆ ಮೂರನೆಯ ದಿನಕ್ಕೇ ಮಾತ್ರೆ ಬಿಡುವವರಿದ್ದಾರೆ. ಎರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಂಡ ಮೇಲೂ ಇನ್ನು ನಾಲ್ಕು ತಿಂಗಳು ಏಕೆ ಎಂಬುದನ್ನೂ ರೋಗಿಯ ಬಾಯಿಂದಲೇ ಹೇಳಿಸಬೇಕು. ನಾಯಿ ಕಚ್ಚಿದವರಿಗೆ ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆ ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7, 28ನೆಯ ದಿನಗಳಲ್ಲಿ. ದಿನದ ಸಂಖ್ಯೆಯನ್ನು ಹೇಳಿ ಕಳುಹಿಸಬೇಡಿ. ವಾರ ಮತ್ತು ತಾರೀಖನ್ನು ಕ್ಯಾಲೆಂಡರ್ ತೋರಿಸಿ ಬರೆದುಕೊಟ್ಟು, ‘ಕೊನೆಯ ಸೂಜಿ ಹೊತ್ತಿಗೆ ಗಾಯ ಮಾಯ್ದಿರುತ್ತೆ, ಆಗಲೂ ಬರಬೇಕು’ ಎಂಬ ವಾಕ್ಯವನ್ನು ಸೇರಿಸಬೇಕು.

ಐದನೆಯ ಅಧಿವೇಶನ: ‘ಬೆಂಗಳೂರಿಗೆ ಬರೆದುಕೊಟ್ಟರು’

ಕೆಟ್ಟ ಸುದ್ದಿ ಹೇಳುವುದಕ್ಕೆ ವಾಲ್ಟರ್ ಬೇಲ್, ರಾಬರ್ಟ್ ಬಕ್‌ಮನ್ ಮತ್ತಿತರರು 2000ದಲ್ಲಿ ರೂಪಿಸಿದ ‘ಸ್ಪೈಕ್ಸ್’ ಎಂಬ ಆರು ಹೆಜ್ಜೆಗಳ ಕ್ರಮ ಜಗತ್ತಿನಾದ್ಯಂತ ಬಳಕೆಯಲ್ಲಿದೆ: ಜಾಗ ಸಿದ್ಧಪಡಿಸುವುದು, ರೋಗಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳುವುದು, ಎಷ್ಟು ತಿಳಿಯಬಯಸುತ್ತಾರೆ ಎಂದು ಕೇಳುವುದು, ಸರಳ ಮಾತಿನಲ್ಲಿ ತಿಳಿಸುವುದು, ಅವರ ದುಃಖಕ್ಕೆ ಜಾಗ ಕೊಡುವುದು, ಮುಂದೇನು ಎಂದು ಹೇಳುವುದು. ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಯಾನ್ಸರ್ ಖಚಿತವಾಗುವುದು ಅಪರೂಪ. ಅನುಮಾನ ಬಂದು ಕಿದ್ವಾಯಿಗೋ, ಹೃದಯದ ತೊಂದರೆಯಾದರೆ ಜಯದೇವಕ್ಕೋ ಕಳುಹಿಸುವುದು ದಿನನಿತ್ಯದ ಕೆಲಸ. ‘ಇಲ್ಲಿ ಆಗಲ್ಲ, ಬೆಂಗಳೂರಿಗೆ ಬರೆದುಕೊಡ್ತೀನಿ’ ಎಂದಷ್ಟೇ ಹೇಳಿದರೆ ಮನೆಯವರು ಅದನ್ನು ‘ಡಾಕ್ಟ್ರು ಕೈಬಿಟ್ಟರು’ ಎಂದು ಓದಿಕೊಳ್ಳುತ್ತಾರೆ, ಕೆಲವರು ನಾಟಿ ಔಷಧಿಯ ಕಡೆ ತಿರುಗುತ್ತಾರೆ. ಏಕೆ ಕಳುಹಿಸುತ್ತಿದ್ದೇವೆ, ಅಲ್ಲಿ ಮೊದಲು ಯಾವ ವಿಭಾಗಕ್ಕೆ ಹೋಗಬೇಕು, ಯಾವ ಕಾಗದ ಒಯ್ಯಬೇಕು, ಬಂದ ಮೇಲೆ ಇಲ್ಲಿಗೆ ಬಂದು ತೋರಿಸಬೇಕು ಎಂಬ ನಾಲ್ಕನ್ನೂ ಹೇಳಿ ಹೇಳಿಸುವ ಅಭ್ಯಾಸಕ್ಕೆ ಈ ಅಧಿವೇಶನದ ಮುಕ್ಕಾಲು ಪಾಲು ಕೊಡಿ.

ಉಳಿದ ಕಾಲು ಪಾಲು, ಬಾಗಿಲ ಹೊರಗೆ ಮಗ ತಡೆದು ‘ಅಪ್ಪಂಗೆ ಹೇಳಬೇಡಿ ಸಾರ್, ತಡ್ಕೊಳಲ್ಲ’ ಎನ್ನುವ ಸನ್ನಿವೇಶಕ್ಕೆ. ಅದನ್ನು ಕಾನೂನು ಹೇಳಿ ತಳ್ಳಿಹಾಕುವುದೂ ಸರಿಯಲ್ಲ, ಹಾಗೇ ಒಪ್ಪಿಕೊಳ್ಳುವುದೂ ಸರಿಯಲ್ಲ. ಮಗನಿಗೆ ಏನು ಭಯ ಎಂದು ಕೇಳಿ, ಸುಳ್ಳು ಹೇಳುವುದಿಲ್ಲ ಎಂದು ಸ್ಪಷ್ಟಪಡಿಸಿ, ಮಗನ ಎದುರಿಗೇ ತಂದೆಯನ್ನು ‘ಪರೀಕ್ಷೆಯ ವಿಷಯ ನಿಮಗೇ ಹೇಳಲಾ, ಮಗನ ಹತ್ತಿರ ಮಾತಾಡಲಾ?’ ಎಂದು ಕೇಳುವ ದಾರಿಯನ್ನು ಅಭ್ಯಾಸ ಮಾಡಿಸಬೇಕು. ನಿರ್ಧಾರ ತಂದೆಯದಾಗುತ್ತದೆ, ಮಗನ ಮಾತಿಗೂ ಬೆಲೆ ಸಿಗುತ್ತದೆ.

ಅಭಿಪ್ರಾಯ ಹೇಳುವ ಕ್ರಮ

ಪ್ರತಿ ಪಾತ್ರಾಭಿನಯದ ನಂತರ ಮೊದಲು ಮಾತನಾಡಬೇಕಾದವರು ವೈದ್ಯರ ಪಾತ್ರದಲ್ಲಿದ್ದವರು, ನಂತರ ರೋಗಿಯ ಪಾತ್ರದಲ್ಲಿದ್ದವರು, ಕೊನೆಗೆ ನೋಡುಗರು. ‘ಚೆನ್ನಾಗಿತ್ತು’, ‘ಸರಿಯಿಲ್ಲ’ ಎಂಬ ತೀರ್ಪುಗಳನ್ನು ಬಿಟ್ಟು, ಕೇಳಿದ ಮಾತನ್ನೇ ಉದ್ಧರಿಸಿ ಹೇಳಬೇಕು: ‘ನೀವು ಶುಗರ್ ಕೇಳಿದಾಗ ಅವರು ಏನೋ ಹೇಳಲು ಬಾಯಿ ತೆರೆದಿದ್ದರು.’ ಹುದ್ದೆಯಲ್ಲಿ ಹಿರಿಯರಾದವರು ಎಲ್ಲರಿಗಿಂತ ಕೊನೆಯಲ್ಲಿ ಮಾತನಾಡಲಿ, ಮೊದಲ ಪಾತ್ರವನ್ನು ಮಾತ್ರ ಅವರೇ ಮಾಡಲಿ. ಆಡಳಿತ ವೈದ್ಯಾಧಿಕಾರಿ ಎಲ್ಲರೆದುರು ಒಮ್ಮೆ ತಡವರಿಸಿದರೆ ಗ್ರೂಪ್ ಡಿ ನೌಕರರಿಗೂ ಬಾಯಿ ಬರುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುವುದಾದರೆ ಪಾತ್ರಾಭಿನಯವನ್ನು ಮಾತ್ರ ಮಾಡಿ, ಅದೇ ದಿನ ನೋಡಿ ಅಳಿಸಿ. ನಿಜವಾದ ರೋಗಿಗಳನ್ನು ಚಿತ್ರೀಕರಿಸುವಂತಿಲ್ಲ, ಯಾವ ತುಣುಕೂ ವಾಟ್ಸಾಪ್ ಗುಂಪಿಗೆ ಹೋಗುವಂತಿಲ್ಲ.

ಮತ್ತೆ ಕಿಟಕಿಗೆ

ಏಳನೆಯ ವಾರ ಹೊಸ ಪಾಠವಿಲ್ಲ. ಅದೇ ಬೆಂಚು, ಅದೇ ನಾಲ್ಕು ಪ್ರಶ್ನೆ, ಮತ್ತೆ ಐವತ್ತು ಜನ. ಮಾತ್ರೆಯ ಬಗ್ಗೆ ಸರಿಯಾಗಿ ಹೇಳಿದವರ ಸಂಖ್ಯೆ ಏರಿದೆಯೇ ಎಂಬುದಕ್ಕೆ ಮೊದಲ ಸ್ಥಾನ, ಕೇಳದೆ ಉಳಿದ ಪ್ರಶ್ನೆಗಳು ಇಳಿದಿವೆಯೇ ಎಂಬುದಕ್ಕೆ ಎರಡನೆಯದು. ಐವತ್ತು ಜನರ ಲೆಕ್ಕದಲ್ಲಿ ಎರಡು–ಮೂರರ ವ್ಯತ್ಯಾಸಕ್ಕೆ ಅರ್ಥವಿಲ್ಲ. ಹತ್ತು–ಹದಿನೈದರ ವ್ಯತ್ಯಾಸ ಬಂದರೆ ಮಾತ್ರ ಸಂತೋಷಪಡಿ. ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿ, ಏಕೆಂದರೆ ಆ ಹೊತ್ತಿಗೆ ಹಳೆಯ ಅಭ್ಯಾಸ ವಾಪಸ್ ಬಂದಿರುವ ಸಾಧ್ಯತೆ ಹೆಚ್ಚು. ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕಿನಲ್ಲಿ ಬಿಪಿ, ಶುಗರ್ ಔಷಧಕ್ಕೆ ತಿಂಗಳು ತಿಂಗಳು ತಪ್ಪದೆ ಬರುವವರ ಸಂಖ್ಯೆಯನ್ನು ವಹಿಯಲ್ಲಿ ನೋಡಿದರೆ ಇನ್ನೂ ಗಟ್ಟಿಯಾದ ಪುರಾವೆ ಸಿಗುತ್ತದೆ, ಅದಕ್ಕೆ ಬೇರೆ ಖರ್ಚೂ ಇಲ್ಲ.

ಒಬ್ಬ ವೈದ್ಯರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೂರೈವತ್ತು ಜನರನ್ನು ನೋಡಬೇಕಾದ ಕಡೆ ಈ ಕ್ರಮದಿಂದ ಆಗುವ ಲಾಭಕ್ಕೆ ಮಿತಿಯಿದೆ. ಖಾಲಿ ಹುದ್ದೆಗೆ ಸಂವಹನ ಪರಿಹಾರವಲ್ಲ, ಸಂಖ್ಯೆಗಳನ್ನು ಮುಂದಿಟ್ಟು ಜಿಲ್ಲಾ ಆರೋಗ್ಯಾಧಿಕಾರಿಗೆ ಅದನ್ನು ನೇರವಾಗಿ ಬರೆಯಬೇಕು. ಇನ್ನೊಂದು ತೊಡಕು ವರ್ಗಾವಣೆಯದು: ಕಡ್ಡಾಯ ಗ್ರಾಮೀಣ ಸೇವೆಗೆ ಬಂದ ಕಿರಿಯ ವೈದ್ಯರು ಒಂದು ವರ್ಷದಲ್ಲಿ ಹೊರಡುತ್ತಾರೆ, ಕಲಿತದ್ದೂ ಅವರೊಂದಿಗೆ ಹೋಗುತ್ತದೆ. ಆದ್ದರಿಂದ ಸನ್ನಿವೇಶದ ಚೀಟಿಗಳು, ಭಾಷೆಯ ಹಾಳೆ, ಕಿಟಕಿಯ ಪ್ರಶ್ನಾವಳಿ ಮೂರನ್ನೂ ಒಂದು ಕಡತದಲ್ಲಿಟ್ಟು, ಅದೇ ಊರಿನಲ್ಲಿ ಬಹುಕಾಲ ಇರುವ ಹಿರಿಯ ಶುಶ್ರೂಷಾಧಿಕಾರಿಯ ವಶಕ್ಕೆ ಕೊಡಬೇಕು. ಹೊಸ ವೈದ್ಯರು ವರದಿ ಮಾಡಿಕೊಂಡ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಒಪಿಡಿಗೆ ಹೋಗುವ ಮೊದಲು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಹತ್ತು ಜನರ ಉತ್ತರ ಬರೆದುಕೊಳ್ಳುವಂತೆ ಆ ಶುಶ್ರೂಷಾಧಿಕಾರಿ ವ್ಯವಸ್ಥೆ ಮಾಡಲಿ.